ಕೆಲಸ ಹೋಯಿತು, ಈಗ ಯಾವ ಕ್ಷೇತ್ರ?

ಪ್ರಶ್ನೆ: ನನಗೆ 41 ವರ್ಷ. ವಿಮಾ ಕ್ಲೇಮುಗಳ ಕಾಗದಪತ್ರ ಪರಿಶೀಲಿಸುವ ಕಂಪನಿಯೊಂದರಲ್ಲಿ 13 ವರ್ಷ ಕೆಲಸ ಮಾಡಿದೆ. ಕೊನೆಯ ಐದು ವರ್ಷ ಎಂಟು ಜನರ ತಂಡ ನೋಡಿಕೊಳ್ಳುತ್ತಿದ್ದೆ. ಆ ಕೆಲಸದ ಬಹುಪಾಲು ಈಗ ಸಾಫ್ಟ್‌ವೇರ್ ಮಾಡುತ್ತದೆ. ಮೂರು ತಿಂಗಳ ಹಿಂದೆ ಇಡೀ ವಿಭಾಗವನ್ನೇ ಮುಚ್ಚಿದರು. ಅದೇ ಕೆಲಸಕ್ಕೆ ಮತ್ತೆ ಹೋಗಲು ಭಯ. ಒಬ್ಬರು ಡೇಟಾ ಅನಲಿಟಿಕ್ಸ್ ಕಲಿಯಿರಿ ಅನ್ನುತ್ತಾರೆ, ಇನ್ನೊಬ್ಬರು ಡಿಜಿಟಲ್ ಮಾರ್ಕೆಟಿಂಗ್, ಮತ್ತೊಬ್ಬರು ಟೀಚರ್ ಆಗಿ ಅನ್ನುತ್ತಾರೆ. ಒಂದು ತರಬೇತಿ ಸಂಸ್ಥೆಯವರು ಆರು ತಿಂಗಳ ಡೇಟಾ ಕೋರ್ಸ್ ಮುಗಿಸಿದರೆ ಕೆಲಸ ಗ್ಯಾರಂಟಿ ಎನ್ನುತ್ತಿದ್ದಾರೆ. ಕಂಪನಿ ಕೊಟ್ಟ ಪರಿಹಾರದ ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಅದರ ಶುಲ್ಕಕ್ಕೇ ಹೋಗುತ್ತದೆ. ಮನೆ ಸಾಲವಿದೆ, ಇಬ್ಬರು ಓದುವ ಮಕ್ಕಳು. ಪತಿಯ ಸಂಬಳದಲ್ಲಿ ಸದ್ಯಕ್ಕೆ ತಿಂಗಳು ಕಳೆಯುತ್ತಿದೆ, ಉಳಿತಾಯ ಕರಗುತ್ತಿದೆ. ಈ ವಯಸ್ಸಿನಲ್ಲಿ ನಾನು ಯಾವ ಕ್ಷೇತ್ರ ಆರಿಸಿಕೊಳ್ಳಲಿ?

ಉತ್ತರ: ಮೊದಲು ತುರ್ತಿನ ಮಾತು. ಆ ಕೋರ್ಸಿಗೆ ಈಗಲೇ ಹಣ ಕಟ್ಟಬೇಡಿ. ‘ಈ ವಾರ ಸೇರಿದರೆ ರಿಯಾಯಿತಿ’ ಎಂದು ಅವರು ಫೋನ್ ಮಾಡುತ್ತಲೇ ಇದ್ದರೂ ಕಟ್ಟಬೇಡಿ. ಕೋರ್ಸುಗಳೇ ಬೇಡ ಎಂದು ನಾನು ಹೇಳುತ್ತಿಲ್ಲ. ನಿಮಗೆ ಏನು ಕಲಿಯಬೇಕೆಂಬುದು ಇನ್ನೂ ಗೊತ್ತಾಗಿಲ್ಲ, ಅದು ಗೊತ್ತಾಗುವ ಮೊದಲೇ ಅರ್ಧ ಹಣ ಕೈಬಿಟ್ಟು ಹೋಗಬಾರದು.

ನಿಮ್ಮ ಪತ್ರದಲ್ಲಿ ಒಂದು ವಾಕ್ಯ ನನ್ನನ್ನು ತಡೆದು ನಿಲ್ಲಿಸಿತು. ‘ಆ ಕೆಲಸದ ಬಹುಪಾಲು ಈಗ ಸಾಫ್ಟ್‌ವೇರ್ ಮಾಡುತ್ತದೆ’ ಎಂದಿದ್ದೀರಿ. ಬಹುಪಾಲು ಸರಿ, ಉಳಿದ ಪಾಲು ಯಾವುದು? ನಿಮ್ಮ ಮುಂದಿನ ದಾರಿ ಇರುವುದು ಆ ಉಳಿದ ಪಾಲಿನಲ್ಲಿ. ಕೆಲಸ ಕಳೆದುಕೊಂಡವರಿಗೆ ಕಳೆದದ್ದೆಲ್ಲ ಒಂದೇ ಗಂಟಾಗಿ ಕಾಣುತ್ತದೆ. ಕಂಪನಿ, ಹುದ್ದೆ, ಕ್ಷೇತ್ರ, ಕಲಿತ ವಿದ್ಯೆ ಎಲ್ಲವೂ ಒಟ್ಟಿಗೇ ಹೋಯಿತು ಅನ್ನಿಸುತ್ತದೆ. ನಿಜಕ್ಕೂ ಹೋಗಿರುವುದು ಇವುಗಳಲ್ಲಿ ಯಾವುದು ಎಂದು ಬಿಡಿಸಿ ನೋಡಬೇಕು. ನಿಮ್ಮ ವಿಷಯದಲ್ಲಿ ವಿಮಾ ಕ್ಷೇತ್ರ ಮುಚ್ಚಿಹೋಗಿಲ್ಲ. ಕ್ಲೇಮುಗಳು ಬರುತ್ತಲೇ ಇವೆ, ತಕರಾರುಗಳೂ ಬರುತ್ತಲೇ ಇವೆ. ಹೋಗಿರುವುದು ಒಂದು ಬಗೆಯ ಕೆಲಸ: ನಿಯಮ ಬರೆದಿಟ್ಟರೆ ಯಾರು ಮಾಡಿದರೂ ಒಂದೇ ಉತ್ತರ ಬರುವಂಥದ್ದು.

ಇದನ್ನು 2003ರಲ್ಲಿ ಡೇವಿಡ್ ಆಟರ್, ಫ್ರಾಂಕ್ ಲೆವಿ, ರಿಚರ್ಡ್ ಮರ್ನೇನ್ ಎಂಬ ಅರ್ಥಶಾಸ್ತ್ರಜ್ಞರು ಸ್ಪಷ್ಟವಾಗಿ ಹೇಳಿದರು. ಕಂಪ್ಯೂಟರ್ ಒಂದು ಉದ್ಯೋಗವನ್ನು ಇಡಿಯಾಗಿ ನುಂಗುವುದಿಲ್ಲ; ಅದರೊಳಗಿನ ಹೆಜ್ಜೆ ಹೆಜ್ಜೆಯಾಗಿ ಬರೆದಿಡಬಹುದಾದ ಕೆಲಸಗಳನ್ನು ಮೊದಲು ತೆಗೆದುಕೊಳ್ಳುತ್ತದೆ, ವಿವೇಚನೆ ಬೇಡುವ, ಜನರೊಂದಿಗೆ ವ್ಯವಹರಿಸುವ ಕೆಲಸಗಳು ಉಳಿಯುತ್ತವೆ. ಅವರು ಬರೆದ ಮೇಲೆ ಯಂತ್ರಗಳ ಕೈ ಇನ್ನಷ್ಟು ಉದ್ದವಾಗಿದೆ, ಭಾಷೆ ಬಳಸುವ ಕೆಲಸಗಳಿಗೂ ಚಾಚಿದೆ. ಆದರೂ ಉದ್ಯೋಗದ ಹೆಸರು ಬಿಟ್ಟು ಅದರೊಳಗಿನ ಕೆಲಸಗಳನ್ನು ನೋಡುವ ಅವರ ಕ್ರಮ ಇಂದಿಗೂ ನಿಮ್ಮಂಥವರಿಗೆ ಉಪಯೋಗಕ್ಕೆ ಬರುತ್ತದೆ.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು, ‘ಕ್ಲೇಮ್ ಪರಿಶೀಲನೆ’ ಎಂಬ ಹೆಸರು ಬಿಟ್ಟು, ದಿನವಿಡೀ ನಿಮ್ಮ ಕೈ ಮತ್ತು ತಲೆ ಏನು ಮಾಡುತ್ತಿದ್ದವು ಎಂದು ಬರೆಯಿರಿ. ಊಹಿಸಿ ಹೇಳುವುದಾದರೆ: ಆಸ್ಪತ್ರೆಯ ಬಿಲ್ಲನ್ನೂ ಪಾಲಿಸಿಯ ಷರತ್ತನ್ನೂ ಹೋಲಿಸಿ ತಾಳೆ ನೋಡುವುದು, ಕಾಗದ ಕಡಿಮೆಯಿದ್ದರೆ ಕೇಳಿ ತರಿಸುವುದು, ಕ್ಲೇಮ್ ತಿರಸ್ಕೃತವಾದ ಸಿಟ್ಟಿನಲ್ಲಿರುವವರಿಗೆ ಕಾರಣ ತಿಳಿಯುವಂತೆ ಹೇಳುವುದು, ಎಲ್ಲ ಸರಿಯಿದ್ದರೂ ಏನೋ ಸರಿಯಿಲ್ಲ ಅನ್ನಿಸುವ ಕಡತವನ್ನು ಬದಿಗಿಟ್ಟು ತನಿಖೆಗೆ ಕಳಿಸುವುದು, ಹೊಸದಾಗಿ ಸೇರಿದವರಿಗೆ ಕಲಿಸುವುದು, ಎಂಟು ಜನರ ನಡುವೆ ಕೆಲಸ ಹಂಚಿ ಗಡುವಿನೊಳಗೆ ಮುಗಿಸುವುದು. ಇವುಗಳಲ್ಲಿ ಸಾಫ್ಟ್‌ವೇರ್ ಪೂರ್ತಿಯಾಗಿ ಕಿತ್ತುಕೊಂಡಿರುವುದು ಮೊದಲನೆಯದನ್ನು, ಎರಡನೆಯದನ್ನು ಸ್ವಲ್ಪ. ಉಳಿದವು ನಿಮ್ಮ ಜೊತೆಯಲ್ಲೇ ಇವೆ. ಅವುಗಳಿಗೆ ಸರ್ಟಿಫಿಕೇಟ್ ಇಲ್ಲ ಎಂಬ ಕಾರಣಕ್ಕೆ ನೀವು ಅವನ್ನು ಲೆಕ್ಕಕ್ಕೇ ಹಿಡಿದಿಲ್ಲ. ಪತ್ರದಲ್ಲಿ ತಂಡ ನಡೆಸಿದ್ದನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ ನೋಡಿ.

ಪಟ್ಟಿ ಆದ ಮೇಲೆ ಪ್ರತಿಯೊಂದರ ಮುಂದೆ ಎರಡು ಗುರುತು ಹಾಕಿ. ಇದನ್ನು ಮಾಡುವಾಗ ಹೊತ್ತು ಹೋದದ್ದು ತಿಳಿಯುತ್ತಿತ್ತೇ, ಇಲ್ಲವೇ? ಬೇರೆಯವರು ಇದಕ್ಕಾಗಿ ನಿಮ್ಮನ್ನು ಹುಡುಕಿಕೊಂಡು ಬರುತ್ತಿದ್ದರೇ? ಎರಡನೆಯ ಪ್ರಶ್ನೆಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಸುಲಭವಾಗಿ ಬರುವ ಕೆಲಸವನ್ನು ನಾವು ಕೌಶಲ ಎಂದು ಗುರುತಿಸುವುದೇ ಇಲ್ಲ. ಅದನ್ನು ಗುರುತಿಸಿ ಹೇಳುವವರು ಸುತ್ತಲಿನವರು. ಹಳೆಯ ತಂಡದ ಇಬ್ಬರು ಮೂವರಿಗೆ ಫೋನ್ ಮಾಡಿ, ‘ನಾನು ಯಾವ ಕೆಲಸಕ್ಕೆ ಸರಿಯಾದವಳು ಅಂತ ನಿಮಗೆ ಅನ್ನಿಸುತ್ತಿತ್ತು?’ ಎಂದು ನೇರವಾಗಿ ಕೇಳಿ. ಸಂಕೋಚವಾಗುತ್ತದೆ, ಆದರೂ ಕೇಳಿ.

ಆಸಕ್ತಿ ಪರೀಕ್ಷೆಗಳನ್ನು ಬಹಳ ಜನ ಕೇಳುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಹೆಚ್ಚಿನವುಗಳ ಹಿಂದಿರುವುದು ಜಾನ್ ಹಾಲೆಂಡ್ ಎಂಬ ಮನಶ್ಶಾಸ್ತ್ರಜ್ಞ 1959ರಿಂದ ಕಟ್ಟುತ್ತ ಬಂದ ವಿಂಗಡಣೆ. ಕೈ ಮತ್ತು ಯಂತ್ರದ ಕೆಲಸ, ಶೋಧನೆ, ಕಲೆ, ಜನರಿಗೆ ನೆರವು, ವ್ಯವಹಾರ ಮತ್ತು ನಾಯಕತ್ವ, ಕ್ರಮಬದ್ಧ ದಾಖಲೆಯ ಕೆಲಸ ಎಂದು ಆರು ಒಲವುಗಳು ಅದರಲ್ಲಿವೆ. ಅಮೆರಿಕದ ಕಾರ್ಮಿಕ ಇಲಾಖೆಯ ‘ಓ-ನೆಟ್’ ಜಾಲತಾಣದಲ್ಲಿ ಈ ಪರೀಕ್ಷೆ ಉಚಿತ. ಅದಕ್ಕಿಂತ ಮುಖ್ಯವಾಗಿ, ನೂರಾರು ಉದ್ಯೋಗಗಳಲ್ಲಿ ದಿನನಿತ್ಯ ಏನೇನು ಮಾಡಬೇಕಾಗುತ್ತದೆ ಎಂಬ ವಿವರವೂ ಅಲ್ಲಿದೆ. ನಿಮ್ಮ ಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು ಓದಿ. ಪರೀಕ್ಷೆಯ ಫಲಿತಾಂಶವನ್ನು ಮಾತ್ರ ತೀರ್ಪು ಎಂದುಕೊಳ್ಳಬೇಡಿ. ಅದು ನಿಮಗೆ ಏನು ಇಷ್ಟ ಎಂದು ಹೇಳುತ್ತದೆ. ನಿಮ್ಮನ್ನು ಯಾರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ ಎಂಬುದು ಅದಕ್ಕೆ ತಿಳಿಯದು.

ಈಗ ದೂರದ ವಿಚಾರ. ಕ್ಷೇತ್ರ ಬದಲಾಯಿಸುವಾಗ ಎಷ್ಟು ದೂರ ನೆಗೆಯುತ್ತೀರಿ ಎಂಬುದರ ಮೇಲೆ ಹಳೆಯ ಅನುಭವದಲ್ಲಿ ಎಷ್ಟು ಜೊತೆಗೆ ಬರುತ್ತದೆ ಎಂಬುದು ನಿಂತಿದೆ. ಕ್ರಿಸ್ಟಿನಾ ಗಾಥ್‌ಮನ್ ಮತ್ತು ಊಟಾ ಶೋನ್‌ಬೆರ್ಗ್ ಜರ್ಮನಿಯ ಕಾರ್ಮಿಕರ ದಾಖಲೆಗಳನ್ನು ಇಟ್ಟುಕೊಂಡು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಕಂಡುಬಂತು: ಜನ ಉದ್ಯೋಗ ಬದಲಿಸುವಾಗ ಬಹುತೇಕ ಹಳೆಯದನ್ನು ಹೋಲುವ ಕೆಲಸಗಳಿರುವ ಕಡೆಗೇ ಹೋಗುತ್ತಾರೆ, ಕೆಲಸಗಳು ಹೋಲಿದಷ್ಟೂ ಹಿಂದಿನ ಅನುಭವಕ್ಕೆ ಹೊಸ ಕಡೆಯೂ ಬೆಲೆ ಸಿಗುತ್ತದೆ. ನೆಲೆಯೂರಿದ ಕೆಲಸ ಕಳೆದುಕೊಂಡವರ ಸಂಬಳ ವರ್ಷಗಟ್ಟಲೆ ಹಳೆಯ ಮಟ್ಟಕ್ಕೆ ಬರುವುದಿಲ್ಲ ಎಂಬುದನ್ನೂ ಅರ್ಥಶಾಸ್ತ್ರಜ್ಞರು ಬಹಳ ಹಿಂದೆಯೇ ತೋರಿಸಿದ್ದಾರೆ. 1993ರಲ್ಲಿ ಬಂದ ಲೂಯಿಸ್ ಜೇಕಬ್‌ಸನ್, ರಾಬರ್ಟ್ ಲಲಾಂಡ್, ಡೇನಿಯಲ್ ಸಲಿವನ್ ಅವರ ಹೆಸರಾಂತ ಅಧ್ಯಯನದಲ್ಲಿ, ಸಂಕಟಕ್ಕೆ ಸಿಕ್ಕ ಕಂಪನಿಗಳಿಂದ ಹೊರಬಿದ್ದ ಹಳಬರ ದೀರ್ಘಕಾಲದ ನಷ್ಟ ವರ್ಷಕ್ಕೆ ಸರಾಸರಿ ಶೇ. 25ರಷ್ಟಿತ್ತು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಸಂಬಳ ಕಡಿಮೆಯಾದರೆ ಅದನ್ನು ನಿಮ್ಮ ಯೋಗ್ಯತೆಯ ಅಳತೆ ಎಂದು ತಿಳಿಯಬೇಡಿ ಎಂದು ಹೇಳಲು. ಜೊತೆಗೆ, ಅನುಭವವನ್ನೆಲ್ಲ ಬಿಸಾಡಿ ಸೊನ್ನೆಯಿಂದ ಶುರುಮಾಡಿದರೆ ಆ ನಷ್ಟವನ್ನು ಕೈಯಾರೆ ಹೆಚ್ಚಿಸಿಕೊಂಡಂತೆ.

ವಯಸ್ಸಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ವಯಸ್ಸು ಅಡ್ಡಿಯಲ್ಲ ಎಂದು ಬಾಯಿಮಾತಿಗೆ ಹೇಳಲಾರೆ. ನೇಮಕ ಮಾಡುವವರಲ್ಲಿ ವಯಸ್ಸು ನೋಡುವವರಿದ್ದಾರೆ. ಆದರೆ ಎಲ್ಲ ಬಾಗಿಲಲ್ಲೂ ಒಂದೇ ಸಮನಾಗಿ ನೋಡುವುದಿಲ್ಲ. ಡೇಟಾ ಅನಲಿಸ್ಟ್ ಎಂಬ ಮೊದಲ ಮೆಟ್ಟಿಲ ಹುದ್ದೆಗೆ ಅರ್ಜಿ ಹಾಕಿದರೆ ಈಗಷ್ಟೇ ಕಾಲೇಜು ಮುಗಿಸಿದವರ ಸಾಲಿನಲ್ಲಿ ನಿಲ್ಲುತ್ತೀರಿ. ಅಲ್ಲಿ ನಿಮ್ಮ 13 ವರ್ಷಕ್ಕೆ ಬೆಲೆ ಇಲ್ಲ, 41ಕ್ಕೆ ಮಾತ್ರ ದಂಡ. ಕ್ಲೇಮ್ ಸಾಫ್ಟ್‌ವೇರ್ ಎಲ್ಲಿ ತಪ್ಪುತ್ತದೆ ಎಂದು ಬಲ್ಲವರು ಬೇಕು ಎನ್ನುವ ಕಡೆ ಹೋದರೆ ಅದೇ 41 ನಂಬಿಕೆ ತರುತ್ತದೆ. ಅದಕ್ಕೇ ನಾನು ಒಂದು ಬಾರಿಗೆ ಒಂದನ್ನು ಬದಲಿಸಿ ಎನ್ನುತ್ತೇನೆ. ಕೆಲಸದ ಬಗೆ ಬದಲಿಸುವುದಾದರೆ ವಿಮೆಯಲ್ಲೇ ಇರಿ. ವಿಮೆ ಬಿಡುವುದಾದರೆ ಬಲ್ಲ ಕೆಲಸವನ್ನೇ ಬೇರೆ ಉದ್ಯಮಕ್ಕೆ ಒಯ್ಯಿರಿ. ಎರಡನ್ನೂ ಒಟ್ಟಿಗೇ ಬದಲಿಸಿ ಗೆದ್ದವರಿಲ್ಲವೆಂದಲ್ಲ, ಅವರಿಗೆ ಹೆಚ್ಚು ಕಾಲವೂ ಹೆಚ್ಚು ಹಣವೂ ಬೇಕಾಗುತ್ತದೆ. ನಿಮ್ಮ ಬಳಿ ಎರಡೂ ಅಳತೆಯಲ್ಲಿವೆ.

ಹಾಗಿದ್ದರೆ ನಿಮ್ಮ ಸುತ್ತ ಏನೇನಿದೆ? ನಾನು ಮೊದಲು ನೋಡುವುದು, ನಿಮ್ಮ ಕೆಲಸ ಕಿತ್ತುಕೊಂಡ ಸಾಫ್ಟ್‌ವೇರನ್ನೇ. ಅದನ್ನು ಕಟ್ಟುವವರಿಗೆ ಕೋಡ್ ಬರೆಯುವವರು ಸಿಗುತ್ತಾರೆ. ಒಂದೇ ಶಸ್ತ್ರಚಿಕಿತ್ಸೆಯ ಬಿಲ್ ಎರಡು ಹೆಸರಲ್ಲಿ ಬಂದರೆ ಹೇಗೆ ಹಿಡಿಯಬೇಕು, ಯಾವ ಷರತ್ತನ್ನು ಗ್ರಾಹಕರು ಯಾವಾಗಲೂ ತಪ್ಪಾಗಿ ಓದುತ್ತಾರೆ ಎಂದು ಬಲ್ಲವರು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಬಿಸಿನೆಸ್ ಅನಲಿಸ್ಟ್ (ಗ್ರಾಹಕರಿಗೆ ಏನು ಬೇಕೆಂದು ಸಾಫ್ಟ್‌ವೇರ್ ಕಟ್ಟುವವರಿಗೆ ವಿವರಿಸುವವರು), ಟೆಸ್ಟಿಂಗ್, ಗ್ರಾಹಕ ಕಂಪನಿಗಳಿಗೆ ಸಾಫ್ಟ್‌ವೇರ್ ಅಳವಡಿಸಿಕೊಟ್ಟು ಬಳಸಲು ಕಲಿಸುವುದು, ಇವೆಲ್ಲ ಅಲ್ಲಿನ ಹುದ್ದೆಗಳು. ಕೋಡಿಂಗ್ ಇಲ್ಲದೆ ಒಳಗೆ ಹೋಗಬಹುದಾದ ಬಾಗಿಲುಗಳೂ ಅವುಗಳಲ್ಲಿವೆ. ಎರಡನೆಯದು ವಂಚನೆ ಪತ್ತೆ, ಆಂತರಿಕ ಲೆಕ್ಕಪರಿಶೋಧನೆ, ನಿಯಮಪಾಲನೆಯ ವಿಭಾಗಗಳು. ಅನುಮಾನಾಸ್ಪದ ಕಡತ ನಿಮ್ಮ ಕಣ್ಣಿಗೆ ಬೀಳುತ್ತಿತ್ತು ಎಂದಾದರೆ ಇದು ನಿಮಗೆ ಒಪ್ಪುತ್ತದೆ. ಯಂತ್ರ ಅನುಮಾನ ಪಟ್ಟು ಬಾವುಟ ಎತ್ತಿದ ಮೇಲೆ ಯಾರಾದರೂ ಕೂತು ವಿಚಾರಿಸಲೇಬೇಕಲ್ಲ. ಮೂರನೆಯದು ಮೇಜಿನ ಆಚೆ ಬದಿ: ಆಸ್ಪತ್ರೆಗಳ ವಿಮಾ ವಿಭಾಗ. ರೋಗಿಯ ಪರವಾಗಿ ಕಾಗದ ಜೋಡಿಸಿ ಮಂಜೂರಾತಿ ತರಿಸುವ ಕೆಲಸ. ಇಲ್ಲಿ ಬೇಗ ಸೇರಬಹುದು, ಮೇಲೇರುವ ಅವಕಾಶ ಮಾತ್ರ ಕಿರಿದು; ತುರ್ತಿಗೆ ಒಳ್ಳೆಯದು.

ಬ್ಯಾಂಕುಗಳ ಗುರುತಿನ ದಾಖಲೆ ಪರಿಶೀಲನೆಗೆ ಹೋಗಬಹುದೇ ಎಂದು ನಿಮ್ಮಂಥವರು ಹಲವರು ಕೇಳುತ್ತಾರೆ. ಬೇಡ ಎನ್ನುತ್ತೇನೆ. ನಿಮ್ಮನ್ನು ಹೊರಹಾಕಿದ ಅಲೆ ಅಲ್ಲಿಗೂ ಬಂದಿದೆ.

ನಿಮಗೆ ಕೊಟ್ಟ ಸಲಹೆಗಳ ಬಗ್ಗೆ. ಡಿಜಿಟಲ್ ಮಾರ್ಕೆಟಿಂಗ್ ನಿಮ್ಮಿಂದ ತೀರಾ ದೂರ. ನಿಮ್ಮ ಪತ್ರದಲ್ಲಿ ಅದರತ್ತ ಒಲವಿನ ಒಂದು ಸುಳಿವೂ ಇಲ್ಲ. ಶಿಕ್ಷಕಿಯಾಗಲು ಬಹುತೇಕ ಕಡೆ ಪ್ರತ್ಯೇಕ ಅರ್ಹತೆ ಬೇಕು, ಅದಕ್ಕೆ ವರ್ಷಗಳು ಬೇಕು. ಕಲಿಸುವುದು ನಿಜಕ್ಕೂ ಇಷ್ಟವಾದರೆ ಕಂಪನಿಗಳೊಳಗಿನ ತರಬೇತಿ ವಿಭಾಗ ಹತ್ತಿರದ ದಾರಿ. ಡೇಟಾ ಅನಲಿಟಿಕ್ಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅದನ್ನು ನೀವು ಸಲಕರಣೆಯಾಗಿ ಕಲಿತರೆ ಸಾಕು. ಸ್ಪ್ರೆಡ್‌ಶೀಟಿನಲ್ಲಿ ಪಿವೋಟ್ ಟೇಬಲ್ (ದಾಖಲೆಗಳನ್ನು ಗುಂಪು ಮಾಡಿ ಒಟ್ಟು ತೋರಿಸುವ ಕೋಷ್ಟಕ) ಮಾಡುವುದು, ಎಸ್‌ಕ್ಯುಎಲ್‌ನಲ್ಲಿ (ದತ್ತಾಂಶ ಸಂಗ್ರಹದಿಂದ ಮಾಹಿತಿ ಕೇಳುವ ಭಾಷೆ) ಬೇಕಾದ ದಾಖಲೆಗಳನ್ನು ಹೆಕ್ಕಿ ತೆಗೆಯುವುದು, ಒಂದು ಚಾರ್ಟ್ ಬಿಡಿಸಿ ಅದು ಏನು ಹೇಳುತ್ತದೆಂದು ಮೂರು ಸಾಲಿನಲ್ಲಿ ಬರೆಯುವುದು. ಇಷ್ಟನ್ನು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಪಾಠಗಳಿಂದಲೇ ಕಲಿಯಬಹುದು. ಕ್ಲೇಮ್ ಬಲ್ಲವರ ಕೈಯಲ್ಲಿ ಎಸ್‌ಕ್ಯುಎಲ್ ಇದ್ದರೆ ಅದು ಅಪರೂಪದ ಜೋಡಿ. ಕ್ಲೇಮ್ ಬಿಟ್ಟು ಬರಿಯ ಎಸ್‌ಕ್ಯುಎಲ್ ಆದರೆ ಅದು ಸಾವಿರಾರು ಜನರ ಬಳಿ ಇದೆ.

ನಾನು ಹೇಳಿದ್ದನ್ನೂ ನಂಬಿ ಕೂರಬೇಡಿ, ಪರೀಕ್ಷಿಸಿ. ಎರಡು ಮೂರು ದಾರಿಗಳನ್ನು ಮಾತ್ರ ಆರಿಸಿ, ಪ್ರತಿಯೊಂದಕ್ಕೂ ಇತ್ತೀಚಿನ ಇಪ್ಪತ್ತು ಮೂವತ್ತು ಉದ್ಯೋಗ ಜಾಹೀರಾತು ತೆರೆದು ಓದಿ. ‘ಉತ್ಸಾಹಿ’, ‘ಚುರುಕು’ ಎಂಬ ಮಾತುಗಳನ್ನು ಬಿಟ್ಟು ಕ್ರಿಯಾಪದಗಳಿಗೆ ಗೆರೆ ಎಳೆಯಿರಿ: ಏನು ಮಾಡಬೇಕು ಅನ್ನುತ್ತಿದ್ದಾರೆ? ಮತ್ತೆ ಮತ್ತೆ ಬರುವ ಸಾಫ್ಟ್‌ವೇರ್ ಹೆಸರುಗಳನ್ನು ಬರೆದುಕೊಳ್ಳಿ. ಅರ್ಧಕ್ಕಿಂತ ಹೆಚ್ಚು ಜಾಹೀರಾತುಗಳಲ್ಲಿ ಬರುವ, ನಿಮಗೆ ಬಾರದ ಸಂಗತಿ ಯಾವುದೋ ಅದೇ ನೀವು ಕಲಿಯಬೇಕಾದದ್ದು. ಕೋರ್ಸ್ ಹುಡುಕುವ ಹೊತ್ತು ಅದರ ನಂತರ ಬರುತ್ತದೆ.

ಆಮೇಲೆ ಆ ಕೆಲಸ ಮಾಡುತ್ತಿರುವವರೊಂದಿಗೆ ಮಾತಾಡಿ. ‘ಈ ಕ್ಷೇತ್ರ ಹೇಗಿದೆ?’ ಎಂದು ಕೇಳಿದರೆ ಎಲ್ಲರೂ ‘ಪರವಾಗಿಲ್ಲ’ ಅನ್ನುತ್ತಾರೆ, ನಿಮಗೆ ಏನೂ ತಿಳಿಯುವುದಿಲ್ಲ. ‘ನಿನ್ನೆ ಬೆಳಗಿನಿಂದ ಸಂಜೆಯವರೆಗೆ ಏನೇನು ಮಾಡಿದಿರಿ?’ ಎಂದು ಕೇಳಿ. ‘ನಿಮ್ಮ ತಂಡದಲ್ಲಿ ಕೊನೆಯದಾಗಿ ಸೇರಿದವರು ಎಲ್ಲಿಂದ ಬಂದವರು? ಇದನ್ನು ಬಿಟ್ಟು ಹೋದವರು ಯಾಕೆ ಹೋದರು?’ ಈ ಪ್ರಶ್ನೆಗಳಿಗೆ ಬರುವ ಉತ್ತರ ಯಾವ ತರಬೇತಿ ಸಂಸ್ಥೆಯ ಕರಪತ್ರದಲ್ಲೂ ಸಿಗುವುದಿಲ್ಲ. ಕೆಲಸ ಕೊಡಿಸಿ ಎಂದು ಕೇಳಬೇಡಿ; ಇಪ್ಪತ್ತು ನಿಮಿಷ ಮಾತಾಡಲು ಸಮಯ ಕೊಡುತ್ತೀರಾ ಎಂದಷ್ಟೇ ಕೇಳಿ.

ಯಾರನ್ನು ಕೇಳುವುದು? ಹತ್ತಿರದವರಿಗಿಂತ ದೂರದ ಪರಿಚಯದವರನ್ನು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಪರಿಚಯದ ಮೂಲಕ ಹೊಸ ಕೆಲಸ ಸಿಕ್ಕವರ ಪೈಕಿ ಶೇ. 16.7 ಜನರಿಗೆ ಮಾತ್ರ ಅದು ಪದೇ ಪದೇ ಭೇಟಿಯಾಗುವವರಿಂದ ಸಿಕ್ಕಿತ್ತು, ಶೇ. 55.6 ಜನರಿಗೆ ಆಗೊಮ್ಮೆ ಈಗೊಮ್ಮೆ ಸಿಗುವವರಿಂದ, ಶೇ. 27.8 ಜನರಿಗೆ ಅಪರೂಪಕ್ಕೆ ಕಾಣುವವರಿಂದ. ಕಾರಣ ಸರಳ: ಹತ್ತಿರದವರಿಗೆ ನಿಮಗೆ ಗೊತ್ತಿರುವುದೇ ಗೊತ್ತಿರುತ್ತದೆ. ಆರು ವರ್ಷದ ಹಿಂದೆ ನಿಮ್ಮ ತಂಡ ಬಿಟ್ಟು ಬೇರೆಡೆ ಹೋದ ಹುಡುಗಿ, ತರಬೇತಿಯೊಂದರಲ್ಲಿ ಪರಿಚಯವಾದ ಆಸ್ಪತ್ರೆಯ ಬಿಲ್ಲಿಂಗ್ ಅಧಿಕಾರಿ, ಸಾಫ್ಟ್‌ವೇರ್ ಅಳವಡಿಸಲು ಬಂದಿದ್ದ ಕಂಪನಿಯವರು, ಇವರೆಲ್ಲ ನಿಮ್ಮ ಪಟ್ಟಿಯಲ್ಲಿರಬೇಕು. ಕೆಲಸ ಹೋದದ್ದನ್ನು ಮುಚ್ಚಿಟ್ಟುಕೊಂಡು ಈ ಮಾತುಕತೆ ನಡೆಸಲಾಗದು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆಂದು ಎಷ್ಟೋ ಜನ ತಿಂಗಳುಗಟ್ಟಲೆ ಯಾರಿಗೂ ಹೇಳದೆ ಇರುತ್ತಾರೆ. ಸಹಾಯ ಮಾಡಬಲ್ಲವರಿಗೂ ಸುದ್ದಿ ತಲುಪುವುದಿಲ್ಲ. ‘ಕೆಲಸ ಸಾಫ್ಟ್‌ವೇರಿಗೆ ಹೋಯಿತು, ವಿಭಾಗ ಮುಚ್ಚಿದರು, ಈಗ ವಂಚನೆ ಪತ್ತೆಯ ಕಡೆ ನೋಡುತ್ತಿದ್ದೇನೆ.’ ಇಷ್ಟು ಸಾಕು. ಸಂದರ್ಶನದಲ್ಲೂ ಇದೇ ವಾಕ್ಯ ಹೇಳಿ ಮುಂದಿನ ಮಾತಿಗೆ ಹೋಗಿ. ಹಳೆಯ ಕಂಪನಿಯನ್ನು ಬೈಯಬೇಡಿ, ನಿಮ್ಮನ್ನೂ ಬೈದುಕೊಳ್ಳಬೇಡಿ.

ಆದರೆ ಆ ಸಿಟ್ಟು ಎಲ್ಲಾದರೂ ಇಳಿಯಬೇಕು. 13 ವರ್ಷ ದುಡಿದ ಜಾಗದಿಂದ ಹೊರಬಿದ್ದವರಿಗೆ ಸಿಟ್ಟು, ಅವಮಾನ, ದುಃಖ ಇರುವುದು ಸಹಜ, ಮೂರು ತಿಂಗಳು ಅದಕ್ಕೆ ಹೆಚ್ಚಿನ ಕಾಲವೇನಲ್ಲ. 1994ರಲ್ಲಿ ಸ್ಟೆಫನಿ ಸ್ಪೆರಾ, ಎರಿಕ್ ಬುರ್‌ಫೈಂಡ್, ಜೇಮ್ಸ್ ಪೆನ್‌ಬೇಕರ್ ಕೆಲಸ ಕಳೆದುಕೊಂಡ ವೃತ್ತಿಪರರ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲಸ ಹೋದದ್ದರ ಬಗ್ಗೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಕೆಲವು ದಿನ ಬರೆದವರಿಗೆ, ಬರೆಯದವರಿಗಿಂತ ಬೇಗ ಹೊಸ ಕೆಲಸ ಸಿಕ್ಕಿತು. ಅದು ಸಣ್ಣ ಪ್ರಯೋಗ, ಆದರೆ ನೀವು ಮಾಡಿನೋಡಲು ಖರ್ಚೇನೂ ಇಲ್ಲ. ಯಾರಿಗೂ ತೋರಿಸದೆ ಬರೆಯಿರಿ.

ದಿನಕ್ಕೊಂದು ಕಟ್ಟುಪಾಡೂ ಬೇಕು. ಆಸ್ಟ್ರಿಯದ ಮಾರಿಯೆಂಥಾಲ್ ಎಂಬ ಊರಿನ ನೂಲಿನ ಕಾರ್ಖಾನೆ ಮುಚ್ಚಿ ಊರಿಗೆ ಊರೇ ನಿರುದ್ಯೋಗಿಯಾದಾಗ ಮರೀ ಯಹೋಡ ಮತ್ತು ಜೊತೆಗಾರರು ಅಲ್ಲಿ ಅಧ್ಯಯನ ನಡೆಸಿ 1933ರಲ್ಲಿ ಪ್ರಕಟಿಸಿದರು. ಜನರಿಗೆ ಇಡೀ ದಿನ ಬಿಡುವಿದ್ದರೂ ಗ್ರಂಥಾಲಯದಿಂದ ಒಯ್ಯುವ ಪುಸ್ತಕಗಳ ಸಂಖ್ಯೆ ಇಳಿದಿತ್ತು. ಹೊತ್ತು ಹೆಚ್ಚಾದಷ್ಟೂ ಅದು ಕೈಯಿಂದ ಜಾರಿಹೋಗುತ್ತಿತ್ತು. ಮನೆಯಲ್ಲೇ ಇದ್ದೇನಲ್ಲ, ಆರಾಮಾಗಿ ಕೋರ್ಸ್ ಮುಗಿಸುತ್ತೇನೆ ಎಂದುಕೊಳ್ಳುವವರಿಗೆ ನಾನು ಇದನ್ನು ನೆನಪಿಸುತ್ತೇನೆ. ಬೆಳಗಿನ ಮೂರು ಗಂಟೆ ಹುಡುಕಾಟಕ್ಕೆ, ಮಧ್ಯಾಹ್ನದ ಒಂದೂವರೆ ಗಂಟೆ ಕಲಿಕೆಗೆ ಎಂದು ಗೊತ್ತುಮಾಡಿ, ಆ ಹೊತ್ತಿನಲ್ಲಿ ಮನೆಕೆಲಸ ನಿಮ್ಮ ಪಾಲಿನದಲ್ಲ ಎಂದು ಮನೆಯವರಿಗೆಲ್ಲ ಹೇಳಿಬಿಡಿ. ಕೆಲಸ ಹೋದ ಹೆಂಗಸಿನ ಹೊತ್ತನ್ನು ಮನೆ ಸದ್ದಿಲ್ಲದೆ ತನ್ನದಾಗಿಸಿಕೊಳ್ಳುತ್ತದೆ.

ಹಣದ ಲೆಕ್ಕವನ್ನು ಪತಿಯೊಂದಿಗೆ ಕೂತು ಈ ವಾರವೇ ಮಾಡಿ. ಸಾಲದ ಕಂತು, ಮಕ್ಕಳ ಓದು, ಊಟ, ಔಷಧಿ ಸೇರಿ ತಿಂಗಳಿಗೆ ಬೇಕೇಬೇಕಾದ ಮೊತ್ತ ಎಷ್ಟು? ಅದರಲ್ಲಿ ಪತಿಯ ಸಂಬಳ ಕಳೆದು ಉಳಿದ ಕೊರತೆಯಿಂದ ನಿಮ್ಮಿಬ್ಬರ ಒಟ್ಟು ಉಳಿತಾಯವನ್ನು ಭಾಗಿಸಿ. ಬಂದ ಸಂಖ್ಯೆಯೇ ನಿಮಗಿರುವ ತಿಂಗಳುಗಳು. ಅದರಲ್ಲಿ ಕೊನೆಯ ಮೂರನ್ನು ಆಪತ್ತಿಗೆಂದು ಮುಟ್ಟದೆ ಬಿಡಿ. ಹನ್ನೆರಡು ತಿಂಗಳು ಉಳಿದರೆ ಸಾಫ್ಟ್‌ವೇರ್ ಅಥವಾ ವಂಚನೆ ಪತ್ತೆಯ ಕಡೆ ನಿಧಾನವಾಗಿ ನಡೆಯಬಹುದು. ನಾಲ್ಕೇ ಉಳಿದರೆ ಮೊದಲು ಆಸ್ಪತ್ರೆಯ ವಿಮಾ ವಿಭಾಗದಂಥ ಕೆಲಸ ಹಿಡಿದು, ಹುಡುಕಾಟವನ್ನು ಅಲ್ಲಿಂದಲೇ ಮುಂದುವರಿಸಿ. ಬಿಡುವು ಉದ್ದವಾದಷ್ಟೂ ಅರ್ಜಿಗಳಿಗೆ ಬರುವ ಕರೆಗಳು ಕಡಿಮೆಯಾಗುತ್ತವೆ ಎಂದು 2013ರಲ್ಲಿ ಪ್ರಕಟವಾದ ಒಂದು ಕ್ಷೇತ್ರ ಪ್ರಯೋಗ ತೋರಿಸಿದೆ. ಹಾಗಾಗಿ ಸಣ್ಣ ಕೆಲಸ ಹಿಡಿದರೆ ಹಿಂದೆ ಬಿದ್ದಂತಲ್ಲ.

ಇಷ್ಟೆಲ್ಲ ಆದ ಮೇಲೂ ಆ ತರಬೇತಿ ಸಂಸ್ಥೆಯೇ ಬೇಕು ಅನ್ನಿಸಿದರೆ ಅವರನ್ನು ನಾಲ್ಕು ಪ್ರಶ್ನೆ ಕೇಳಿ. ಹಿಂದಿನ ತಂಡದಲ್ಲಿ ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, ಎಷ್ಟು ಜನರಿಗೆ ಯಾವ ಹುದ್ದೆ ಸಿಕ್ಕಿತು? ನಲವತ್ತು ದಾಟಿದ ಹಳೆಯ ವಿದ್ಯಾರ್ಥಿ ಒಬ್ಬರೊಂದಿಗೆ, ಅವರು ಒಪ್ಪಿದರೆ, ಮಾತಾಡಿಸುತ್ತೀರಾ? ‘ಗ್ಯಾರಂಟಿ’ ಎಂದರೆ ಕೆಲಸವೋ, ಬರೀ ಸಂದರ್ಶನದ ಅವಕಾಶವೋ? ಕೆಲಸ ಸಿಗದಿದ್ದರೆ ಶುಲ್ಕ ಯಾವ ಷರತ್ತಿನ ಮೇಲೆ ವಾಪಸ್, ಅದು ಬರಹದಲ್ಲಿದೆಯೇ? ಉತ್ತರ ಬರಹದಲ್ಲಿ ಬರದಿದ್ದರೆ ಅಲ್ಲಿಗೆ ಬಿಡಿ. ಸಾಲ ಮಾಡಿಯಂತೂ ಕಟ್ಟಬೇಡಿ.

ಕೊನೆಗೆ ನಿಮ್ಮ ಭಯ. ಅದೇ ಕ್ಲೇಮ್ ಕೆಲಸ ಬೇರೆ ಕಂಪನಿಯಲ್ಲಿ ಸಿಕ್ಕರೆ ಏನು ಮಾಡಲಿ ಎಂದು ನೀವು ನೇರವಾಗಿ ಕೇಳಿಲ್ಲ, ಆದರೆ ಕರೆ ಬರುವ ಸಾಧ್ಯತೆ ಹೆಚ್ಚಿರುವುದು ಅಲ್ಲಿಂದಲೇ. ಬಂದರೆ ಹೋಗಿ. ಸಂದರ್ಶನದಲ್ಲೇ ಕೇಳಿ: ಇಲ್ಲಿ ಸಾಫ್ಟ್‌ವೇರ್ ಯಾವ ಭಾಗ ಮಾಡುತ್ತದೆ, ಅದು ಬಿಟ್ಟುಕೊಟ್ಟ ಕಡತಗಳನ್ನು ಯಾರು ನೋಡುತ್ತಾರೆ, ಆ ತಂಡದಲ್ಲಿ ಜಾಗವಿದೆಯೇ? ಇದೆ ಎಂದರೆ ಸೇರಿ, ವರ್ಷದ ಒಪ್ಪಂದವಾದರೂ ಸರಿ. ಇಲ್ಲ ಎಂದರೂ ಕೈಯಲ್ಲಿ ತಿಂಗಳುಗಳು ಕಡಿಮೆಯಿದ್ದರೆ ಸೇರಿ, ಜಾಹೀರಾತು ಓದುವುದನ್ನೂ ದೂರದ ಪರಿಚಯದವರಿಗೆ ಫೋನ್ ಮಾಡುವುದನ್ನೂ ಮಾತ್ರ ಮೊದಲ ಸಂಬಳ ಬಂದ ದಿನ ನಿಲ್ಲಿಸಬೇಡಿ.